ಒಂದು ಸಾಲ

ಜಿಲಾನಿ ಮಾಸ್ತರ ಬಂದದ್ದು ಮುಸ್ಸಂಜೆ,
ಕೊರಳಲ್ಲಿ ಸೀಟಿ, ಸೈಕಲ್ಲಿನ ಹ್ಯಾಂಡಲ್ಲಿಗೆ ಕೈಚೀಲ.
ಅಪ್ಪ ಆಗಷ್ಟೇ ಪಾಲಿಶ್ ಮಷೀನು ಬಿಟ್ಟು ಬಂದಿದ್ದ,
ಹುಬ್ಬು, ರೆಪ್ಪೆ, ಮೀಸೆ ಎಲ್ಲ ಬೂದಿ.
ಶಹಾಬಾದಿನಲ್ಲಿ ಎಲ್ಲರ ಅಪ್ಪಂದಿರೂ ಹಾಗೇ,
ಸಂಜೆ ಆರಕ್ಕೆ ಮುದುಕರಾಗಿ ಮನೆಗೆ ಬಂದು
ಎರಡು ತಂಬಿಗೆ ನೀರು ಸುರುವಿಕೊಂಡರೆ
ಮತ್ತೆ ಪ್ರಾಯದವರು.

"ನಿಮ್ಮ ಬಂಡೆಪ್ಪಗ ಒಂದ್ ಸಾಲ್ ಕೊಡ್ರಿ," ಅಂದರು ಮಾಸ್ತರ.
ಅಪ್ಪ ಬೆಚ್ಚಿದ. "ಸಾಲ ಯಾಕ್ರಿ? ಅಂವ ಏನೂ ಕೇಳಿಲ್ಲಲ್ಲ?"
"ಸಾಲ ಅಲ್ರಿ, ಸಾಲ್! ವರ್ಷ, ವರ್ಷ!
ಏಳನೇತ್ತ ಇನ್ನೊಮ್ಮೆ ಕೂಡ್ಲಿ.
ಎಂಟಕ್ಕ ಹೋದ್ರ ಹೈಸ್ಕೂಲಿನ ಕೋಣಗಳ ಎದುರು ಕುರಿಮರಿ,
ಇಲ್ಲೇ ನಿಂತ್ರ, ನೋಡ್ರಿ, ಹುಲಿ."

ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ ಅವ್ವ.
"ಪಾಸಾಗೋ ಹುಡುಗ್ನ ಕೂಡಸ್ತೀರೇನು?" ಅಂದಳು, ಹಿಟ್ಟಿಗೆ.
ಹಿಟ್ಟೇನು ಹೇಳೀತು.

ಪರೀಕ್ಷೆಯ ದಿನ ಅಣ್ಣನಿಗೆ ಜ್ವರ ಬಂತು;
ಅಂದರೆ ಕಂಪೌಂಡರ್ ವೈಜನಾಥ ಚೀಟಿ ಬರೆದುಕೊಟ್ಟ.
ಜ್ವರದ ಹುಡುಗ ರೈಲು ಹಳಿಯ ಗುಂಟ ಓಡುತ್ತಿದ್ದ
ಬಾಯಲ್ಲಿ ಒಂದೇ ಉಸಿರಿನ ಕಬಡ್ಡಿ ಕಬಡ್ಡಿ.
ಎಷ್ಟು ಡಬ್ಬಿ ದಾಟುವತನಕ ಹಿಡಿದಾನು ಎಂದು
ಗೂಡ್ಸ್ ಗಾಡಿ ಎಣಿಸುವುದು ನನ್ನ ಕೆಲಸ.
ಮೂವತ್ತೊಂದು.

ಜೂನಿನಲ್ಲಿ ನಾನೂ ಏಳನೇತ್ತಕ್ಕೆ ಬಂದೆ.
ಬಾಗಿಲ ಹತ್ತಿರ, ನನ್ನ ಬೆನ್ನ ಹಿಂದೆ ಅಣ್ಣ,
ಮೊಣಕಾಲು ಡೆಸ್ಕಿಗೆ ಬಡಿಯುತ್ತ.
ಹಾಜರಿಯಲ್ಲಿ ನಮ್ಮ ನಡುವೆ ಎರಡೇ ಹೆಸರು,
ಭಾಗೇಶ, ಮಕ್ತುಂಬಿ.
"ಏ ಮಾನಂದಾ, ಅವಂಗ ಅಣ್ಣ ಅಂತೀಯೇನ, ಲೇ ಅಂತೀಯೇನ?"
ಏನೂ ಅನ್ನಲಿಲ್ಲ ನಾನು.
ಸಾಲಿಯಲ್ಲಿ ಅವನನ್ನು ಇಡೀ ವರ್ಷ ಕರೆಯಲೇ ಇಲ್ಲ.

ಅವನಿಗೋ ಎಲ್ಲ ಗೊತ್ತಿತ್ತು.
ನನ್ನ ಕೈಗೆ ಬಂದದ್ದು ಅವನದೇ ಪುಸ್ತಕ,
ಅಂಚಿನಲ್ಲಿ ಪೆನ್ಸಿಲ್ ಗೀಟು: ಇದು ಬರ್ತದ, ಇದು ಬರಲ್ಲ.
ಬರೆಯದೇ ಬಿಟ್ಟ ಪರೀಕ್ಷೆಗೆ
ಮೊದಲೇ ಹಾಕಿಟ್ಟ ಗುರುತು.
ಬಡ್ಡಿ ಲೆಕ್ಕ ಕೊಟ್ಟು ಮಾಸ್ತರ ಬೋರ್ಡಿನತ್ತ ತಿರುಗಿದರೆ
ಹಿಂದಿನಿಂದ, ತುಟಿ ಅಲ್ಲಾಡದ ದನಿ:
"ನೂರರಿಂದ ಭಾಗಿಸು."

ಆ ವರ್ಷ ತಾಲೂಕು ಗೆದ್ದರು.
ಕಲಬುರಗಿಯಲ್ಲಿ ಜಿಲ್ಲೆಯ ಆಟಕ್ಕೆ ಮುಂಚೆ
ಒಬ್ಬೊಬ್ಬರನ್ನೇ ತೂಕದ ಮಷೀನಿಗೆ ಹತ್ತಿಸಿದರು.
ಐವತ್ತೊಂದು ಕಿಲೋ, ಅದರ ಮೇಲೆ ಇಲ್ಲ.
ಅಣ್ಣ ಎರಡು ದಿನ ಉಂಡಿರಲಿಲ್ಲ,
ಬಿಸಿಲಿನಲ್ಲಿ ಅಪ್ಪನ ಸ್ವೆಟರು ಹಾಕಿಕೊಂಡು ಓಡಿದ್ದ,
ಶಹಾಬಾದಿನಿಂದ ಕಲಬುರಗಿತನಕ
ಕಿಟಕಿಯಾಚೆ ಉಗುಳುತ್ತ ಬಂದಿದ್ದ.
ಐವತ್ಮೂರೂವರೆ.
ಮಾಸ್ತರ ಅಂಗಿ ತೆಗೆಸಿದರು. ಬನಿಯನ್ನು. ಕೊನೆಗೆ ಉಡದಾರ.
ಉಡದಾರದಲ್ಲಿ ಎಷ್ಟು ಕಿಲೋ ಇದ್ದೀತು.
ರಜಿಸ್ಟರಿನಲ್ಲಿ ನಿಂತ ಹುಡುಗ
ಮೈಯಲ್ಲಿ ನಿಂತಿರಲಿಲ್ಲ.

ಗೆರೆಯ ಹೊರಗೆ ಕೂತು ಎಲ್ಲರ ಚಪ್ಪಲಿ ಕಾದನಂತೆ.
ಸೋತ ಮೇಲೆ ಮಾಸ್ತರ ಮಿರ್ಚಿ ಕೊಡಿಸಿದರಂತೆ.
ಎಂಟು ತಿಂದೆ ಅಂತ ಈಗಲೂ ನಗುತ್ತಾನೆ,
ಒಮ್ಮೊಮ್ಮೆ ಹನ್ನೊಂದು ಅನ್ನುತ್ತಾನೆ.

ಪರೀಕ್ಷೆಯಲ್ಲಿ ನಾನು ಸಾಲಿಗೇ ಮೊದಲು.
ಅಣ್ಣ ಎರಡನೆಯವನು, ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ;
ಎರಡು ಸಲ ಓದಿದವನಲ್ಲ.
ಅಪ್ಪ ಓಣಿಗೆಲ್ಲ ಪೇಡೆ ಹಂಚಿದ.
ಜಿಲಾನಿ ಮಾಸ್ತರ ಒಂದು ತೆಗೆದುಕೊಂಡು, ತಿನ್ನದೆ,
ಅಣ್ಣನ ಹೆಗಲ ಮೇಲೆ ಕೈಯಿಟ್ಟು
"ಒಂದ್ ಸಾಲ್ ಹಾಳಾತಲ್ಲೋ ಬಂಡೂ" ಅಂದರು.
"ಎಲ್ಲಿ ಹಾಳಾತ್ರಿ," ಅಂದ ಅವನು, ಬಾಯಿತುಂಬ ಪೇಡೆ.
ನನ್ನ ಕಡೆ ನೋಡಲಿಲ್ಲ.

ಈಗ ವಾಡಿಯ ಬ್ಯಾಂಕಿನಲ್ಲಿ ನನ್ನದು ಮೂರನೇ ಕೌಂಟರು.
ಯಾರದೋ ಬಡ್ಡಿ ಬರೆಯುತ್ತಿರುವಾಗ
ಬೆನ್ನ ಹಿಂದೆ ಯಾರೋ ಉಸಿರು ಬಿಗಿಹಿಡಿದ ಹಾಗೆ.
ತಿರುಗಿದರೆ ಗೋಡೆ, ಕ್ಯಾಲೆಂಡರು,
ಕಿಟಕಿಯಾಚೆ ಸಿಮೆಂಟಿನ ಗೂಡ್ಸ್ ಗಾಡಿ.
ಎಣಿಸತೊಡಗುತ್ತೇನೆ.
ಹತ್ತೊಂಬತ್ತು, ಇಪ್ಪತ್ತು,
ಮೂವತ್ತೊಂದರ ತನಕ
ನನಗೆ ಉಸಿರು ಸಾಲುವುದಿಲ್ಲ.