ಎಡಗಡೆಯದು ಮಾತ್ರ ಇದೆ

ಜೆ.ಸಿ. ರೋಡಿನ ಅಟ್ಟದಿಂದ ಇಳಿದು ಬಂದ ಪುಖರಾಜ್
ತಲೆಗೆ ಸಿಕ್ಕಿದ ಜೇಡರಬಲೆ ತೆಗೆಯದೆಯೇ ಹೇಳಿದ:
'ಎಡಗಡೆಯದು ಮಾತ್ರ ಇದೆ, ಮೇಡಂ.'

ನನಗೆ ಬೇಕಿದ್ದದ್ದು ಬಲಗಡೆಯ ಮಡ್‌ಗಾರ್ಡು,
ಅರವತ್ಮೂರರ ಫಿಯೆಟ್ಟಿಗೆ.
ಎಲ್ಲರಿಗೂ ಬೇಕಾಗುವುದು ಬಲಗಡೆಯದೇ ಅಂತೆ;
ಹಿಂದಿಕ್ಕುವ ಬಿಟಿಎಸ್ ಬಸ್ಸುಗಳು
ಅಷ್ಟು ವರ್ಷ ಉಜ್ಜಿಕೊಂಡು ಹೋದದ್ದು ಆ ಮಗ್ಗುಲನ್ನೇ.

ಒರಿಜಿನಲ್ ಮುಗಿದು ಯಾವ ಕಾಲವಾಯಿತೋ.
ಆಮೇಲೆ ಬರುತ್ತಿದ್ದದ್ದು ಡೂಪ್ಲಿಕೇಟು.
ಅದಕ್ಕೆ ಮೂಗು ಮುರಿದವರೇ ನಾವೆಲ್ಲ:
ತಗಡು ತೆಳು, ಅಂಚು ಒರಟು,
ಬಾನೆಟ್ಟಿನ ಪಕ್ಕ ಕೂರಿಸಿದರೆ
ಮುನಿಸಿಕೊಂಡ ನೆಂಟನ ಹಾಗೆ ತುಸು ದೂರ.
ಈಗ ಆ ಡೂಪ್ಲಿಕೇಟನ್ನೇ
ಬಟ್ಟೆ ಸುತ್ತಿ ಎತ್ತಿಡುತ್ತಾರೆ.

ಒತ್ತುತ್ತಿದ್ದವನು ಪುಟ್ಟನರಸಯ್ಯ,
ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ.
ತಿಂಗಳಿಗೆ ನಲವತ್ತು, ಆಮೇಲೆ ಆರು,
ಆಮೇಲೆ ಯಾರಾದರೂ ಕೇಳಿದರೆ ಒಂದು.
ಒಂದಕ್ಕೋಸ್ಕರ ಪ್ರೆಸ್ಸು ಚಾಲೂ ಮಾಡಿದರೆ
ಕರೆಂಟಿನ ಬಿಲ್ಲೇ ತಗಡಿಗಿಂತ ಭಾರ.
ನಂಬದೆ ಹೋಗಿ ನೋಡಿದೆ.
ಶೆಡ್ಡು ಈಗ ಷಟಲ್ ಕೋರ್ಟು.
ಒಳಗೆ ಬೂಟುಗಳ ಕೀಚ್ ಕೀಚ್.

ಸಂಕ್ರಾಂತಿಗೆ ಸಕ್ಕರೆ ಅಚ್ಚು ಹೊಯ್ದವರಿಗೆ ಗೊತ್ತು:
ಮರದ ಹೋಳೆರಡೂ ಕೂಡಿಸಿ ದಾರ ಬಿಗಿದರೇನೇ
ಗಿಳಿ, ಆನೆ, ತುಳಸಿಕಟ್ಟೆ.
ಒಂದು ಕಳೆದರೆ, ಇನ್ನೊಂದು
ಬರೀ ಕೆತ್ತಿದ ಕಟ್ಟಿಗೆ.
ಇಲ್ಲಿಯೂ ಹಾಗೆಯೇ. ಮೇಲಿನ ಹೋಳು, ಮುಕ್ಕಾಲು ಟನ್ನು,
ಕೇಜಿ ಲೆಕ್ಕದಲ್ಲಿ ಗುಜರಿಗೆ ಹೋಗಿತ್ತು.
ಕೆಳಗಿನದನ್ನು ಎತ್ತಲಾಗದೆ
ಕಾಂಪೌಂಡಿನ ಮೂಲೆಗೆ ನೂಕಿದ್ದರು.

ಹಿಂದಿನ ರಾತ್ರಿ ಮಳೆ.
ಅಚ್ಚಿನಲ್ಲಿ ನೀರು ನಿಂತಿತ್ತು,
ಬಲಗಡೆಯ ಮಡ್‌ಗಾರ್ಡಿನ ಆಕಾರದ ನೀರು,
ಹೆಡ್‌ಲೈಟಿನ ಗುಂಡಿ ಸಮೇತ.
ಒಂದು ಕಾಗೆ ಕತ್ತು ಮುಳುಗಿಸಿ ಮೀಯುತ್ತಿತ್ತು.
ಎತ್ತಿ ತರುವಂತಿದ್ದರೆ!

ಲಿಂಗರಾಜಪುರದ ಆರೋಗ್ಯಸ್ವಾಮಿ
ಟಿಂಕರಿಂಗ್ ಬಿಟ್ಟು ಎರಡು ವರ್ಷವಾಗಿತ್ತು.
ಫೋಟೋ ನೋಡಿ, ಬೀಡಿ ಆರುವವರೆಗೂ ಸುಮ್ಮನಿದ್ದ.
'ಎಡಗಡೆಯದು ಇದೆ ಅಂದ್ರಲ್ಲ, ಅದನ್ನೇ ತನ್ನಿ.'

ತಂದೆ.
ಅವನು ಮಗಳ ಬೀರುವಿನ ಬಾಗಿಲು ಕಳಚಿ ತಂದ,
ಕನ್ನಡಿಯಿದ್ದ ಬಾಗಿಲು.
ಎಡಗಡೆಯದರ ಎದುರು ನಿಲ್ಲಿಸಿದ.
ಕನ್ನಡಿಯೊಳಗೆ ಬಂದು ಕೂತಿತು
ಇಡೀ ಬೆಂಗಳೂರಿನಲ್ಲಿ ಇಲ್ಲದ ಬಲಗಡೆಯದು.

ಹದಿನೇಳು ದಿನ.
ಮರಳಿನ ಚೀಲ, ಹುಣಸೆಮರದ ಕೊಡತಿ.
ಒಂದು ಪೆಟ್ಟು, ತಲೆಯೆತ್ತಿ ಕನ್ನಡಿ, ಮತ್ತೊಂದು ಪೆಟ್ಟು,
ಮೀಸೆ ಕತ್ತರಿಸಿಕೊಳ್ಳುವವನ ಎಚ್ಚರ.
ಅವನ ಒಂದು ಕಿವಿ ಈ ಕೆಲಸಕ್ಕೇ ಹೋಗಿದೆ,
ಕೇಳುವ ಕಡೆ ಕೂತು ನಾನು ಕೂಗುತ್ತಿದ್ದೆ.
ಬಾಗಿಲಿಲ್ಲದ ಬೀರು, ಸೀರೆಗಳ ಮೇಲೆಲ್ಲ ತಗಡಿನ ಪುಡಿ;
ಆ ಮಗಳು ನನ್ನನ್ನು ನೋಡಿದ ನೋಟ ಬೇಡ.

ಕೂತಿತು.
ಹೆಡ್‌ಲೈಟಿನ ಹತ್ತಿರ ಕಿರುಬೆರಳಿನಷ್ಟು ಸಂದು.
'ಪುಟ್ಟಿ ತುಂಬಲಾ?'
ಬೇಡವೆಂದೆ.
ಹೊರಮೈ ಬಣ್ಣ ಬಳಿದುಕೊಂಡು ಹೊಳೆಯುತ್ತದೆ.
ಒಳಗೆ ಕೈಯಾಡಿಸಿದರೆ ಪೆಟ್ಟುಗಳು
ಒಂದೊಂದಾಗಿ ಬೆರಳಿಗೆ ಸಿಗುತ್ತವೆ.
ದುಡ್ಡು ಎಣಿಸುತ್ತಾ ಅವನು ಹೇಳಿದ:
'ಇದೇ ಕೊನೆ. ಮೊಣಕೈ ಹೋಯ್ತು.'

ದಸರಾ ಕಳೆದ ಮೇಲೆ ಪುಖರಾಜನ ಫೋನು:
'ದಾವಣಗೆರೆಯವರು ಒಬ್ಬರು ಬಂದು ಕೂತಿದ್ದಾರೆ,
ಅದೇ ಗಾಡಿ, ಬಲಗಡೆಯದು. ಏನು ಹೇಳಲಿ?'

ಹಿತ್ತಲಿನ ಗ್ಯಾಸ್ ಸಿಲಿಂಡರಿನ ಪಕ್ಕ
ನನ್ನ ಹಳೇ ವಾಯಿಲ್ ಸೀರೆ ಸುತ್ತಿಕೊಂಡು
ಗೋಡೆಗೆ ಒರಗಿದೆ ಅದು.

'ಎಡಗಡೆಯದು ಇದೆ ಅನ್ನಿ.
ಕನ್ನಡಿ ಅವರೇ ತರಲಿ,
ಕೈಯನ್ನೂ.'