ಇಳಿಯುವ ಡಬ್ಬಿ

ವಲ್ಪರೈಸೊ ಬಂದರಿನ ಬೆನ್ನಿಗಿರುವ ಗುಡ್ಡಕ್ಕೆ
ಎರಡು ಮರದ ಡಬ್ಬಿ, ಒಂದೇ ಉಕ್ಕಿನ ಹಗ್ಗ.
ಒಂದು ಇಳಿಯದೆ ಇನ್ನೊಂದು ಏರುವುದಿಲ್ಲ.
ಮೂವತ್ತೊಂದು ವರ್ಷದಿಂದ ಅದರ ಸನ್ನೆ
ಹೋವಿತಾಳ ಕೈಯಲ್ಲಿ.

ಎರಡೂ ಸೂಜಿ ಚುಚ್ಚಿಸಿಕೊಂಡು
ಕಾರ್ಡನ್ನು ಟಿಕೆಟ್ ಗೂಡಿನ ಗಾಜಿಗೆ ಅಂಟಿಸಿದ್ದಳು.
ಆದರೂ ಆಗಸ್ಟಿನ ಒಂದು ಚಳಿ ಬೆಳಗ್ಗೆ
ಒಲೆಯ ಮೇಲೆ ಬ್ರೆಡ್ಡು ಸೀದು ಹೋಗುತ್ತಿದೆ,
ವಾಸನೆಯೇ ಇಲ್ಲ.
ಪಟ್ಟಿಯಲ್ಲಿ ಎರಡನೆಯ ಗೆರೆ, ಗುಲಾಬಿ, ತಡವಾಗಿ.

ಹದಿನಾಲ್ಕನೆಯ ದಿನ ನನ್ನೆದುರು ತೋಳು ಚಾಚಿ ಕೂತಳು.
ನಾನು ರಕ್ತ ಎಳೆಯುವವನು, ಅಷ್ಟೇ.
"ಹಾಗಾದರೆ ಆ ಸೂಜಿ ಯಾತಕ್ಕೆ?"
ನರ ಸಿಗುವ ಮೊದಲೇ ಪ್ರಶ್ನೆ ಸಿಕ್ಕಿತು.

ತಡವರಿಸುತ್ತ ಹೇಳಿದೆ:
ಮಾರ್ಚಿನಿಂದ ನಿಮ್ಮ ರಕ್ತದಲ್ಲಿ ಪ್ರತಿಕಾಯಗಳ ಡಬ್ಬಿ
ತಿಂಗಳು ತಿಂಗಳೂ ಕೆಳಗಿಳಿಯುತ್ತಿತ್ತು.
ನಮ್ಮ ಹಾಳೆಯಲ್ಲಿ ಕಾಣುವುದು ಅದೊಂದೇ.
ಹಗ್ಗದ ಆಚೆ ತುದಿಯನ್ನು ಯಾರೂ ಅಳೆದಿರಲಿಲ್ಲ.
ಅಲ್ಲಿ, ಕಂಕುಳಿನ ಕಡಲೆಗಾತ್ರದ ಗ್ರಂಥಿಯಲ್ಲಿ,
ಕೆಲವು ಜೀವಕೋಶಗಳು ಕೂತು
ಇನ್ನೂ ಬಂದಿರದ ಅತಿಥಿಯ ಚಹರೆ ಬರೆಯುತ್ತಿದ್ದವು.
ಮೂಗು ಹೊಂದದಿದ್ದರೆ ಹರಿದು, ಮತ್ತೆ.
ಕಣ್ಣು ಹೊಂದದಿದ್ದರೆ ಹರಿದು, ಮತ್ತೆ.
ಲೆಕ್ಕ ಇಳಿದಂತೆಲ್ಲ ಹಿಡಿತ ಏರುತ್ತಿತ್ತು.

ಅದು ಒಳಗೆ ಬಂದದ್ದು ನಿಜ.
ಮೂಗು ಅಂಥ ಗಟ್ಟಿ ಬಾಗಿಲೇನಲ್ಲ.
ಎರಡು ರಾತ್ರಿ ಜ್ವರ, ಹಲ್ಲು ಕಟಕಟ.
ಅಷ್ಟರಲ್ಲಿ ಒಳಗೆ ಯಾರೋ ಸನ್ನೆ ಎಳೆದರು.
ತಳ ಸೇರಿದ್ದ ಡಬ್ಬಿ ಕಿಕ್ಕಿರಿದು ಮೇಲೆ ಬಂತು.
ಎದೆಯ ಮೆಟ್ಟಿಲಲ್ಲೇ ಅದನ್ನು ಹಿಡಿದು ನಿಲ್ಲಿಸಿತು.

ಹೋವಿತಾ ನಳಿಗೆ ತುಂಬುವುದನ್ನೇ ನೋಡುತ್ತಿದ್ದಳು.
"ಹಗ್ಗಕ್ಕೂ ಆಗಾಗ ಎಣ್ಣೆ ಬೇಕು," ಎಂದಳು.
ಬೇಕು, ಎಂದೆ.
"ಮತ್ತೆ ಎವರಿಸ್ತೊ?"

ಹಿಂದಿನ ವರ್ಷದ ಜೂನ್. ಅವಳ ಪಕ್ಕ ಕೂತು ಟಿಕೆಟ್ ಹರಿಯುತ್ತಿದ್ದವನು.
ಆಗ ಲೋಕದಲ್ಲಿ ಆ ಸೂಜಿಯೇ ಇರಲಿಲ್ಲ.
ಅವನ ಮೈಯೂ ಅದೇ ಚಹರೆ ಬರೆಯಲು ಕೂತಿತ್ತು,
ಮೊದಲ ಗೆರೆಯಿಂದ,
ಅತಿಥಿ ಆಗಲೇ ನಡುಮನೆಯಲ್ಲಿರುವಾಗ.
ಇದನ್ನು ಹೇಳಲು ನನಗೆ ಬಾಯಿ ಏಳಲಿಲ್ಲ.
ಹತ್ತಿ ಒತ್ತಿ ಹಿಡಿಯಿರಿ, ಎಂದೆ.

ಸೋಮವಾರ ಗುಡ್ಡಕ್ಕೆ ಹೊರಟೆ.
ಗೂಡಿನಲ್ಲಿ ಅವನ ಸ್ಟೂಲು ಹಾಗೇ ಇದೆ,
ಅದರ ಮೇಲೆ ಅವಳ ಉಣ್ಣೆಯ ಟೋಪಿ.
ಬೆರಳಿಗೆ ಮೆತ್ತಿದ ಗ್ರೀಸನ್ನು ಮೂಗಿಗೆ ಹಿಡಿದು ಮೂಸಿದಳು.
ಇಲ್ಲ, ಇನ್ನೂ ಇಲ್ಲ ಎಂದು ತಲೆಯಾಡಿಸಿ
ಸನ್ನೆ ಎಳೆದಳು.

ಏರು ನಡುವೆ, ಕೈಗೆಟುಕುವಷ್ಟು ಹತ್ತಿರದಲ್ಲಿ,
ಖಾಲಿ ಡಬ್ಬಿ ನಮ್ಮನ್ನು ದಾಟಿ ಕೆಳಗೆ ಹೋಯಿತು.
ಯಾಕೋ ಅದಕ್ಕೆ ಕೈ ಬೀಸಿದೆ.