ಕಾಗದದ ಬೆನ್ನು

ಮೈದಾ ಅಂಟಿಗೆ ಮೈಲುತುತ್ತ ಬೆರೆಸದಿದ್ದರೆ
ಹುಳ ಹಿಡಿಯುತ್ತದೆ ಎಂದು ಕಲಿಸಿದವರು ಅಬ್ಬಾ.
ಶಿವಮೊಗ್ಗೆಯ ಹಳೇ ಕಚೇರಿಯ ದಫ್ತರದ ಕೋಣೆಯಲ್ಲಿ
ಇಪ್ಪತ್ತೆರಡು ವರ್ಷದಿಂದ ನಾನು
ಹರಿದದ್ದನ್ನು ಹೊಲಿಯುತ್ತೇನೆ, ಓದುವುದಿಲ್ಲ.
ಓದುತ್ತ ಕೂತರೆ ಕೆಲಸ ಸಾಗುವುದಿಲ್ಲ.

ಆದರೂ ಆ ಕಟ್ಟು.
ಸಾವಿರದ ಎಂಟುನೂರ ಅರವತ್ತೇಳು, ಸೊರಬ ತಾಲ್ಲೂಕು,
ಕಾನಿನ ತಕರಾರು.
ಪ್ರತಿ ಹಾಳೆಯ ಬುಡದಲ್ಲಿ ಒಂದೇ ಕೈಯ ರುಜು:
ತರ್ಜುಮೆ ಗುಮಾಸ್ತ ಕೋನೇರಿರಾಯ.

ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷು,
ನಡುವೆ ಮಡಿಸಿದ ಗೆರೆ.
ಕಾಗದ ಮೊದಲು ಹರಿಯುವುದು ಅಲ್ಲೇ.

ಮನೆಯಲ್ಲಿ ಮರಾಠಿ, ಸಂತೆಯ ಚೌಕಾಸಿಗೆ ಕನ್ನಡ,
ಮುದಿ ಮುನ್ಷಿಯಿಂದ ಕಲಿತ ಪಾರಸಿಯ ಬೈಗುಳ,
ದೊರೆಯ ಮುಂದೆ ನಿಂತರೆ ಇಂಗ್ಲಿಷಿನಲ್ಲೇ ಕೆಮ್ಮುತ್ತಿದ್ದನಂತೆ.
ಅಂತೆ ಎಂದವರಾರು? ಯಾರೂ ಇಲ್ಲ.
ಸಂಬಳದ ಪಟ್ಟಿ ಹೇಳುವುದು ಹದಿನೈದು ರೂಪಾಯಿ,
ಕೆಮ್ಮಿಗೆ ಮೂರು ದಿನ ರಜೆ, ಅಷ್ಟೇ.
ಉಳಿದದ್ದು ನನ್ನ ಅಂಟು.

ಏಳನೇ ಹಾಳೆಯಲ್ಲಿ ಒಬ್ಬಳು ಸಾಕ್ಷಿ,
ದ್ಯಾವಕ್ಕ, ವಯಸ್ಸು ಸುಮಾರು ಐವತ್ತು:
"ಅದು ನಮ್ಮ ಕಾನು ಸ್ವಾಮೀ.
ಮೆಣಸಿನ ಬಳ್ಳಿ ನಮ್ಮತ್ತೆ ಹಬ್ಬಿಸಿದ್ದು.
ಬಗನಿ ಮರ ಮಾವನ ಕಾಲದ್ದು.
ಒಳಗೆ ಚೌಡಿ ಅದಾಳೆ, ಅಮಾಸೆ ದಿನ ಕತ್ತಿ ಒಯ್ಯಲ್ಲ.
ಗದ್ದೆಗೆ ನೀರು ಬರೋದು ಅಲ್ಲಿಂದಲೇ.
ಇನ್ನೇನು ಹೇಳ್ಲಿ, ಕಾನು ಅಂದ್ರೆ ಕಾನು."

ಎದುರಿಗೆ ಇಂಗ್ಲಿಷಿನಲ್ಲಿ ಒಂದು ಪದ.
ಫಾರೆಸ್ಟ್.
ಅದಕ್ಕೂ ಮೊದಲು ಮೂರು ಪದ ಬರೆದು ಹೊಡೆದುಹಾಕಿದ್ದಾನೆ.
ಕಿಟಕಿಯ ಬೆಳಕಿಗೆ ಹಿಡಿದೆ, ಮಗಳ ನಿಘಂಟು ತಂದೆ:
ತೋಟ ಎನ್ನುವಂಥದ್ದು ಒಂದು,
ಗುಡಿ ಎನ್ನುವಂಥದ್ದು ಒಂದು,
ಮೂರನೆಯದು ತಿಳಿಯದು. ಹೊಡೆದ ಭರಕ್ಕೆ
ನಿಬ್ಬು ಕಾಗದವನ್ನೇ ತೂತು ಮಾಡಿದೆ.

ದೊರೆಗೆ ಒಂದೇ ಪದ ಸಾಕಿತ್ತು.
ಕೊನೆಯ ಹಾಳೆಯಲ್ಲಿ ತೀರ್ಪು, ಎರಡು ಸಾಲು:
ಫಾರೆಸ್ಟ್ ಎಂದು ಸಾಕ್ಷಿಯೇ ಒಪ್ಪಿದ್ದಾಳೆ.
ಫಾರೆಸ್ಟ್ ಸರ್ಕಾರದ್ದು.

ಹಾಳೆಗಳನ್ನು ಮಗುಚಿದೆ. ಬೆನ್ನ ತುಂಬ ಪದ್ಯ!
ತುಂಗೆಯ ಮೊಸಳೆಯ ಮೇಲೊಂದು,
ತಿಗಣೆಗೆ ಶಾಪ ಹಾಕಿದ್ದೊಂದು,
ತೀರಿಕೊಂಡ ಮಗಳ ಕಾಲ್ಗಡಗದ ಮೇಲೊಂದು,
ಪಾರಸಿಯ ಗುಲಾಬಿ ಹೊಳೆ ದಾಟಿ ಬಂದು
ಕನ್ನಡದ ಬೇಲಿಯಲ್ಲಿ ಗೋರಂಟೆಯಾದದ್ದೊಂದು.
ಏಳನೆಯದರ ಬೆನ್ನಿಗೆ ಷಟ್ಪದಿಯ ಮೂರೇ ಸಾಲು:

ಹೋಗುವಾಗದು ಕಾನು ಮರಳುತ
ಲಾಗಿ ಬಂದುದು ಬರಿಯ ಕಾಡೈ
ಸಾಗಿಸಿದ ಹೊಳೆದೋಣಿಯವನೈ ಕೂಲಿಯೆಣಿಸುವೆ ನಾ

ಇನ್ನು ಮೂರು ಸಾಲಿಗೆ ಜಾಗ ಬಿಟ್ಟಿದ್ದಾನೆ.
ಬರೆದಿಲ್ಲ. ಮುಂದಿನ ಕಟ್ಟಿನಲ್ಲಿ ರುಜು ಬೇರೆಯವರದು.

"ಜೈಬುನ್, ಬೆನ್ನು ಖಾಲಿಯಿದ್ದರೆ
ತೆಳು ಹಾಳೆ ಅಂಟಿಸಿ ಮುಗಿಸಿಬಿಡಿ,"
ಬಾಗಿಲಲ್ಲೇ ನಿಂತು ಹೇಳಿದರು ಸಾಹೇಬರು.
ಹೂಂ ಅಂದೆ.
ಮನೆಯಲ್ಲಿ ನಾನೂ ಬೇರೆ ಭಾಷೆಯಲ್ಲಿ ಅಳುವವಳು.
ಇಲ್ಲಿಯ ಹೂಂಗೂ ಅಲ್ಲಿಯ ಹಾಂಗೂ
ತೂಕ ಒಂದೇ ಅಲ್ಲ.

ಕುಂಚ ಅದ್ದಿದ್ದೆ.
ಆಗ ಕಂಡಿತು: ಮುಂಬದಿಯ ಆ ತೂತು,
ಮೂರನೆಯ ಪದ ಇದ್ದ ಜಾಗ,
ಹಿಂಬದಿಯಲ್ಲಿ ಸರಿಯಾಗಿ
ನಾಲ್ಕನೇ ಸಾಲು ಶುರುವಾಗಬೇಕಾದಲ್ಲಿ.
ಅದರೊಳಗಿಂದ ಮೇಜಿನ ಮರ ಕಾಣುತ್ತಿತ್ತು,
ಅದರ ಗೆರೆ, ಅದರ ಗಂಟು.
ಯಾವ ಕಾನಿನದೋ.

ಕುಂಚ ತೊಳೆದಿಟ್ಟೆ.
ಎಂಟನೇ ಹಾಳೆ ತೆಗೆದೆ.